ಲಿಂಕಿನ ಕೆಳಗಿನ ಫೋಟೊ

ಆಫೀಸಿನಲ್ಲಿ ಅವಳಿಗೆ ಚಿತ್ರಮ್ಮ ಎಂಬ ಅಡ್ಡಹೆಸರಿತ್ತು. ಅದು ಕೆಲಸದಿಂದ ಬಂದದ್ದು. ಅವಳ ಕಂಪನಿ ನಡೆಸುತ್ತಿದ್ದದ್ದು ಜನ ಒಬ್ಬರಿಗೊಬ್ಬರು ಸಂದೇಶ ಕಳಿಸಿಕೊಳ್ಳುವ ಆ್ಯಪ್. ಅದರಲ್ಲಿ ಯಾರಾದರೂ ಒಂದು ವೆಬ್ ಪುಟದ ಲಿಂಕ್ ಹಾಕಿದರೆ ಕೆಳಗೆ ಚಿಕ್ಕದೊಂದು ಚಿತ್ರ ಮೂಡುತ್ತದಲ್ಲ, ಆ ಚಿತ್ರವನ್ನು ಹುಡುಕಿ ತರುವ ಕೋಡ್ ಬರೆಯುವುದು ಅವಳ ಕೆಲಸ.

ಪ್ರತಿ ಪುಟದ ತಲೆಯ ಮೇಲೆ ಓದುವವರ ಕಣ್ಣಿಗೆ ಬೀಳದ ಒಂದಿಷ್ಟು ಜಾಗವಿರುತ್ತದೆ. ಪುಟ ಮಾಡಿದವರು ಯಂತ್ರಗಳಿಗೆಂದೇ ಅಲ್ಲಿ ನಾಲ್ಕು ಸಾಲು ಬರೆದಿಟ್ಟಿರುತ್ತಾರೆ: ಈ ಪುಟದ ಹೆಸರು ಇದು, ಇದರಲ್ಲಿ ಇಂಥದ್ದಿದೆ, ಯಾರಾದರೂ ಹಂಚಿಕೊಂಡರೆ ಈ ಚಿತ್ರ ತೋರಿಸಿ. ಎಲ್ಲರೂ ಹೀಗೆ ಅಚ್ಚುಕಟ್ಟಾಗಿ ಬರೆದಿಟ್ಟಿದ್ದರೆ ಅವಳಿಗೆ ಸಂಬಳ ಕೊಡುವ ಅಗತ್ಯವೇ ಇರುತ್ತಿರಲಿಲ್ಲ. ಕೆಲವರು ಚಿತ್ರದ ಅರ್ಧ ವಿಳಾಸ ಬರೆದಿರುತ್ತಾರೆ, ಬೀದಿಯ ಹೆಸರು ಬಿಟ್ಟು ಮನೆ ನಂಬರ್ ಮಾತ್ರ ಹೇಳಿದ ಹಾಗೆ. ಕೆಲವರು ಎಂದೋ ಅಳಿಸಿಹೋದ ಚಿತ್ರದ ಕಡೆ ಕೈ ತೋರಿಸುತ್ತಾರೆ. ಇನ್ನು ಕೆಲವರದ್ದು ಒಂದೇ ಪುಟದಲ್ಲಿ ಒಂದಕ್ಕಿಂತ ಹೆಚ್ಚು ಚಿತ್ರ. ಈ ತಂಟೆ ತಕರಾರುಗಳ ನಡುವೆ ಸರಿಯಾದದ್ದನ್ನು ಹೆಕ್ಕುವುದರಲ್ಲಿ ಅವಳು ಪಳಗಿದ್ದಳು.

ಆ ಕೆಲಸಕ್ಕೆ ಒಂದು ಕಾಲದಲ್ಲಿ ಇಡೀ ತಂಡವೇ ಇತ್ತು. ಒಬ್ಬರು ಬೇರೆ ಕಂಪನಿಗೆ ಹೋದರು, ಇಬ್ಬರನ್ನು ಬೇರೆ ಕಟ್ಟಡಕ್ಕೆ ಕಳಿಸಿದರು, ಉಳಿದವರಿಗೆ ಮನೆಯಿಂದಲೇ ಕೆಲಸ ಮಾಡುವುದು ರೂಢಿಯಾಯಿತು. ಆಫೀಸಿಗೆ ಬರುತ್ತಿದ್ದವಳು ಅವಳೊಬ್ಬಳೇ. ಮನೆ ಅಂದರೆ ಒಂದು ಕೋಣೆ, ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಅಲ್ಲಿ ಕೂತು ಗೋಡೆಯ ಮುಖ ನೋಡುವುದಕ್ಕಿಂತ ಆಫೀಸಿನ ಖಾಲಿ ಕುರ್ಚಿಗಳೇ ವಾಸಿ ಅನ್ನಿಸುತ್ತಿತ್ತು. ಬೆಳಿಗ್ಗೆ ಬಂದವಳು ಸಂಜೆ ಲಿಫ್ಟಿನಲ್ಲಿ ಕಾವಲುಗಾರನಿಗೆ "ಬರ್ತೀನಿ" ಅನ್ನುವವರೆಗೆ ಬಾಯಿ ತೆರೆಯದೆ ಕಳೆದ ದಿನಗಳೂ ಇದ್ದವು. ಹಾಗೆ ಅನ್ನುವಾಗ ಒಡಕು ದನಿ ಹೊರಡುತ್ತಿತ್ತು, ತನ್ನದೋ ಅಲ್ಲವೋ ಎಂಬ ಹಾಗೆ.

ದೂರದ ಊರಿನಲ್ಲಿ ಅಕ್ಕ ಇದ್ದಳು. ಅಕ್ಕನ ಜೊತೆಗಿನ ಮಾತೆಲ್ಲ ಲಿಂಕುಗಳಲ್ಲೇ ನಡೆಯುತ್ತಿತ್ತು. ಇವಳು ಬೆನ್ನುನೋವಿನ ವ್ಯಾಯಾಮದ ಪುಟ ಕಳಿಸಿದರೆ ಅಕ್ಕ ಹೆಬ್ಬೆರಳು ಎತ್ತುತ್ತಿದ್ದಳು. ಅಕ್ಕ ಪರದೆ ಬಟ್ಟೆಯ ಅಂಗಡಿಯ ಪುಟ ಕಳಿಸಿದರೆ ಇವಳು ಎತ್ತುತ್ತಿದ್ದಳು. ಆ ಚಿತ್ರಗಳನ್ನೆಲ್ಲ ಹೊತ್ತು ತರುತ್ತಿದ್ದದ್ದು ಇವಳ ಕೋಡೇ. ಅಕ್ಕನಿಗೆ ಅದು ಗೊತ್ತಿರಲಿಲ್ಲ. ಇವಳು ಎರಡು ಸಲ ಹೇಳಿದ್ದಳು, ಅಕ್ಕನ ತಲೆಗೆ ಹೋಗಿರಲಿಲ್ಲ.

ಆ ವರ್ಷ ಅವಳು ಹಳೆಯ ಕೋಡನ್ನು ಕಿತ್ತು ಹೊಸದಾಗಿ ಬರೆದಳು. ಹಿಂದಿನವರು ಬರೆದದ್ದರಲ್ಲಿ ಒಂದು ತಪ್ಪಿತ್ತು. ಪುಟದಲ್ಲಿ ಎರಡು ಚಿತ್ರ ಹೇಳಿದ್ದರೆ ಅದು ಕೊನೆಯದನ್ನು ಎತ್ತಿಕೊಳ್ಳುತ್ತಿತ್ತು. ನಿಯಮದ ಪ್ರಕಾರ ಮೊದಲನೆಯದಕ್ಕೇ ಮರ್ಯಾದೆ. ಅದನ್ನು ಸರಿಮಾಡಿದಳು. ಇನ್ನೊಂದನ್ನು ತಾನಾಗಿಯೇ ಸೇರಿಸಿದಳು. ಕಣ್ಣು ಕಾಣದವರಿಗೆಂದು ಕೆಲವರು ಚಿತ್ರದ ಜೊತೆ ಅದರಲ್ಲಿ ಏನಿದೆ ಎಂದು ಒಂದು ಸಾಲು ಬರೆದಿಟ್ಟಿರುತ್ತಾರೆ. ಹಳೆಯ ಕೋಡ್ ಅದನ್ನು ಕಸದ ಹಾಗೆ ಬಿಸಾಡುತ್ತಿತ್ತು. ಇವಳದು ಆ ಸಾಲನ್ನೂ ಚಿತ್ರದ ಜೊತೆಗೇ ತರುತ್ತಿತ್ತು, ಕೇಳಿ ತಿಳಿಯುವವರ ಫೋನು ಅದನ್ನು ಓದಿ ಹೇಳಲಿ ಎಂದು.

"ಇದ್ಯಾರಿಗೆ ಬೇಕಿತ್ತು?" ಎಂದರು ಮ್ಯಾನೇಜರ್, ವಿಡಿಯೊ ಕರೆಯಲ್ಲಿ. "ಇರ್ಲಿ ಬಿಡಿ, ಭಾರ ಏನಾಗಲ್ಲ."

ಹೊಸ ಕೋಡ್ ಓಡತೊಡಗಿತು. ಯಾರೂ ಏನೂ ಹೇಳಲಿಲ್ಲ. ಆ ಕೆಲಸದ ಹಣೆಬರಹವೇ ಹಾಗೆ. ಸರಿಯಿದ್ದರೆ ಅದು ಇದೆಯೆಂದೇ ಯಾರಿಗೂ ಗೊತ್ತಾಗುವುದಿಲ್ಲ.

ಆಮೇಲೆ ಒಂದು ದೂರು ಬಂತು. ದೂರುಗಳನ್ನು ನೋಡಿಕೊಳ್ಳುತ್ತಿದ್ದವರನ್ನೂ ತೆಗೆದುಹಾಕಿದ್ದರಿಂದ ಅದು ನೇರವಾಗಿ ಅವಳ ಮುಂದೆಯೇ ಬಂದು ಬಿತ್ತು. ಅಲ್ಪವಿರಾಮ, ಪೂರ್ಣವಿರಾಮ ಒಂದೂ ಇಲ್ಲದ ಉದ್ದನೆಯ ವಾಕ್ಯ. ತನ್ನದು ಕನ್ನಡಕದ ಅಂಗಡಿ, ಲಿಂಕಿನ ಕೆಳಗೆ ಬೇಡದ ಫೋಟೊ ಬರುತ್ತಿದೆ, ಗಿರಾಕಿಗಳು ಕೇಳಿ ಕೇಳಿ ತಲೆ ಚಿಟ್ಟು ಹಿಡಿಸಿದ್ದಾರೆ, ಕೂಡಲೇ ತೆಗೆಯಿರಿ, ಬರೆಯೋದು ನನಗೆ ಆಗೋದಿಲ್ಲ ಫೋನ್ ಮಾಡಿ. ಕೊನೆಗೆ ಒಂದು ನಂಬರು.

ಫೋನ್ ಮಾಡುವ ಪದ್ಧತಿ ಇರಲಿಲ್ಲ. ಆದರೂ ಮಾಡಿದಳು.

ಎತ್ತಿದವರದು ವಯಸ್ಸಾದ, ಗಟ್ಟಿ ದನಿ. "ಅಂತೂ ಮಾಡಿದ್ರಲ್ಲ! ಮಿಷಿನ್ ಮಾತಾಡುತ್ತೆ ಅಂದ್ಕೊಂಡಿದ್ದೆ."

"ಇಲ್ಲ, ನಾನೇ. ಆ ಕೆಲಸ ನೋಡ್ಕೊಳ್ಳೋದು ನಾನೇ. ಯಾವ ಫೋಟೊ ಅಂತ ಹೇಳ್ತೀರಾ?"

"ಅದನ್ನ ನಾನು ಹೇಳ್ಬೇಕಾ? ನೀವೇ ಹಾಕಿರೋದು! ಗಿರಾಕಿಗಳಿಗೆ ಕನ್ನಡಕ ರೆಡಿ ಆದ್ರೆ ನಮ್ಮ ಅಂಗಡಿ ಲಿಂಕ್ ಹಾಕಿ 'ಬನ್ನಿ' ಅಂತ ಕಳಿಸ್ತೀನಿ. ಕೆಳಗೆ ಅಂಗಡಿ ಬೋರ್ಡ್ ಬರ್ತಿತ್ತು, ಚೆನ್ನಾಗಿತ್ತು. ಈಗ ಅವನ ಫೋಟೊ ಬರ್ತಾ ಇದೆ. ಬಂದೋರೆಲ್ಲ 'ತಮ್ಮ ವಾಪಸ್ ಬಂದ್ರಾ' ಅಂತಾರೆ. ಎಷ್ಟು ಜನಕ್ಕೆ ಉತ್ತರ ಕೊಡ್ಲಿ?"

ಅವಳು ಆ ಪುಟವನ್ನು ತೆರೆದು ನೋಡಿದಳು. ಸಾದಾ ಪುಟ: ಅಂಗಡಿಯ ಸಮಯ, ವಿಳಾಸ, ಕೆಲವು ಫ್ರೇಮುಗಳು. ಫೋಟೊ ಎಲ್ಲೂ ಕಾಣಲಿಲ್ಲ. ಆದರೆ ತಲೆಯ ಮೇಲಿನ ಗುಪ್ತ ಜಾಗದಲ್ಲಿ ಎರಡು ಚಿತ್ರಗಳ ಹೆಸರಿತ್ತು. ಕೆಳಗಿನದು ಬೋರ್ಡು. ಮೇಲಿನದು ಅಂಗಡಿಯ ಬಾಗಿಲಲ್ಲಿ ನಿಂತ ಇಬ್ಬರು ಗಂಡಸರು. ಒಬ್ಬರು ದಪ್ಪ, ಹೊಟ್ಟೆ ಕುಲುಕುವಂತೆ ನಗುತ್ತಿದ್ದರು. ಇನ್ನೊಬ್ಬ ತೆಳ್ಳಗೆ, ಕ್ಯಾಮರಾ ಬಿಟ್ಟು ಆ ದಪ್ಪನೆಯವರನ್ನೇ ನೋಡುತ್ತಿದ್ದ.

"ಈ ಪುಟ ಮಾಡಿದ್ಯಾರು?"

"ಅವನೇ. ನನ್ನ ತಮ್ಮ. ನಮ್ಮಿಬ್ಬರ ಫೋಟೊ ಹಾಕಿದ್ದ. ನಾನೇ 'ನಮ್ಮ ಮುಖ ನೋಡೋಕೆ ಬರ್ತಾರೇನೋ ಜನ, ಬೋರ್ಡ್ ಹಾಕು' ಅಂದೆ. ಹಾಕ್ದ."

"ಬೋರ್ಡ್ ಹಾಕಿದಾರೆ. ಆದ್ರೆ ಹಳೇದನ್ನ ತೆಗೆದಿಲ್ಲ. ಅದರ ಕೆಳಗೆ ಸೇರಿಸಿದಾರೆ, ಅಷ್ಟೆ. ಮೊದಲು ನಾವು ಕೆಳಗಿಂದು ತೋರಿಸ್ತಿದ್ವಿ, ಈಗ ಮೇಲಿಂದು. ನಿಯಮ ಹಾಗಿದೆ. ಆ ಒಂದು ಸಾಲು ಅಳಿಸಿದ್ರೆ ಆಯ್ತು."

"ಅಳಿಸಿ."

"ನನ್ನ ಕೈಲಿ ಆಗಲ್ಲ. ಪುಟದ ಪಾಸ್‌ವರ್ಡ್ ಯಾರ ಹತ್ರ ಇದೆಯೋ ಅವರೇ ಅಳಿಸ್ಬೇಕು."

"ಅದು ಅವನ ಹತ್ರಾನೇ ಇರೋದು," ಎಂದರು. "ಅವನನ್ನ ಕೇಳೋ ಮಾತೇ ಇಲ್ಲ."

ಮರುದಿನ ಅವಳು ಮ್ಯಾನೇಜರ್ ಹತ್ತಿರ ವಿಷಯ ಎತ್ತಿದಳು. ಈ ಒಂದು ಪುಟಕ್ಕೆ ಮಾತ್ರ ಬೋರ್ಡು ತೋರಿಸುವ ಹಾಗೆ ಮಾಡಬಹುದಾ?

"ಒಬ್ರಿಗೆ ಅಂತ ಮಾಡಿದ್ರೆ ಊರಿಗೆಲ್ಲ ಮಾಡ್ಬೇಕಾಗುತ್ತೆ ಚಿತ್ರಮ್ಮ. ನಿಯಮ ಸರಿ ಇದೆ, ದೂರು ಮುಚ್ಚಿಬಿಡಿ," ಎಂದು ಮ್ಯಾನೇಜರ್ ಮುಂದಿನ ಮೀಟಿಂಗಿಗೆ ಜಾರಿದರು.

ಅವಳು ಮುಚ್ಚಲಿಲ್ಲ. ಆಗುವುದಿಲ್ಲ ಎಂಬುದನ್ನು ತಿಳಿಸಲು ಒಂದು ಸಂದೇಶ ಸಾಕಿತ್ತು. ಆದರೂ ಫೋನ್ ಮಾಡಿದಳು. ಅವರು ಬೈಯಬಹುದು ಎಂದುಕೊಂಡಿದ್ದಳು. ಅವರು, "ಊಟ ಆಯ್ತೇನಮ್ಮ?" ಎಂದರು. ಆ ಮಾತನ್ನು ಬಾಯಿಬಿಟ್ಟು ಯಾರಾದರೂ ಅವಳನ್ನು ಕೇಳಿ ಎಷ್ಟು ಕಾಲವಾಗಿತ್ತೋ. ಊಟ ಆಗಿರಲಿಲ್ಲ. "ಆಯ್ತು," ಎಂದಳು.

ಆಮೇಲೆ ಅದೊಂದು ಅಭ್ಯಾಸವಾಯಿತು. ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಅವರೇ ಮಾಡುತ್ತಿದ್ದರು. "ಏನಾದ್ರೂ ದಾರಿ ಸಿಕ್ತಾ?" ಎಂದು ಶುರುಮಾಡಿ, ಸಿಕ್ಕಿಲ್ಲ ಎಂದು ಕೇಳಿಸಿಕೊಂಡು, ಬೇರೆಲ್ಲ ಮಾತಾಡುತ್ತಿದ್ದರು. ದುಂಡು ಮುಖದವರು ದುಂಡು ಫ್ರೇಮೇ ಬೇಕೆಂದು ಹಟ ಹಿಡಿಯುತ್ತಾರೆ. ಕನ್ನಡಕ ತಲೆಯ ಮೇಲಿಟ್ಟುಕೊಂಡೇ ಕಳೆದುಹೋಯಿತೆಂದು ಹೊಸದಕ್ಕೆ ಬರುತ್ತಾರೆ. ಅವಳು ನಗುತ್ತಿದ್ದಳು. ಖಾಲಿ ಆಫೀಸಿನಲ್ಲಿ ತನ್ನ ನಗು ತನಗೇ ಕೇಳಿಸಿ ಸುತ್ತ ನೋಡಿಕೊಳ್ಳುತ್ತಿದ್ದಳು. ಮಧ್ಯಾಹ್ನವಾಗುತ್ತಿದ್ದಂತೆ ಫೋನನ್ನು ಕೀಬೋರ್ಡಿನ ಪಕ್ಕಕ್ಕೆ ಸರಿಸಿಕೊಳ್ಳತೊಡಗಿದಳು.

ತಮ್ಮನ ಮಾತೂ ಒಂದು ದಿನ ಬಂತು. ಹೆಂಗಸೊಬ್ಬಳ ಕನ್ನಡಕದಲ್ಲಿ ಎಡಗಣ್ಣಿನ ಗಾಜನ್ನು ಬಲಗಡೆಗೆ ಕೂರಿಸಿ ಕೊಟ್ಟಿದ್ದನಂತೆ. ಅಂಥದ್ದು ಆಗಾಗ ಆಗತೊಡಗಿತ್ತು.

"ಗಿರಾಕಿ ಮುಂದೆ ನಾಲ್ಕು ಮಾತು ಅಂದೆ. 'ಕಣ್ಣೇನು ಮನೇಲಿ ಬಿಟ್ಟು ಬಂದಿದೀಯಾ' ಅಂದೆ. ಅಣ್ಣ ಅಂದ್ಮೇಲೆ ಅನ್ನಬಾರದಾ? ಅಂಗಡಿ ಬೀಗದ ಕೈ ಗಾಜಿನ ಮೇಜಿನ ಮೇಲಿಟ್ಟ, ಹೋದ. ಹೆಂಡ್ತಿ ಊರಲ್ಲಿದಾನಂತೆ. ವರ್ಷಗಳಾದ್ವು. ಒಂದು ಫೋನಿಲ್ಲ. ನಾನ್ಯಾಕೆ ಮಾಡ್ಲಿ?"

ಅವಳ ಪರದೆಯ ಮೇಲೆ ಆ ಪುಟ ತೆರೆದೇ ಇತ್ತು. "ಆ ಫೋಟೊ ಜೊತೆ ನಿಮ್ಮ ತಮ್ಮ ಒಂದು ಸಾಲು ಬರೆದಿದಾರೆ. ಓದ್ಲಾ?"

"ಏನು ಬರೆದಿದಾನೆ?"

"'ಅಂಗಡಿಯ ಬಾಗಿಲಲ್ಲಿ ಅಣ್ಣ ನಗುತ್ತಿದ್ದಾನೆ. ಪಕ್ಕದಲ್ಲಿ ನಾನು.' ಅಷ್ಟೆ."

ಆ ಕಡೆ ಯಾವುದೋ ಗಡಿಯಾರ ಟಿಕ್‌ಟಿಕ್ ಎನ್ನುವುದು ಕೇಳಿಸುತ್ತಿತ್ತು.

"ಫೋಟೊದಲ್ಲೇ ಕಾಣುತ್ತಲ್ಲಮ್ಮ. ಮತ್ತೆ ಯಾಕೆ ಬರೆಯೋದು?"

"ಕಣ್ಣು ಕಾಣದೋರಿಗೆ. ಅವರ ಫೋನು ಅದನ್ನ ಓದಿ ಹೇಳುತ್ತೆ."

"ಹೂಂ," ಎಂದರು ಅವರು. ಗಿರಾಕಿ ಬಂದರೆಂದು ಫೋನ್ ಇಟ್ಟರು. ಬಾಗಿಲ ಸದ್ದು ಅವಳಿಗೆ ಕೇಳಿಸಿರಲಿಲ್ಲ.

ಕೆಲವು ದಿನ ಅವರು ಫೋನ್ ಮಾಡಲಿಲ್ಲ. ಅವಳು ಊಟದ ಡಬ್ಬಿಯನ್ನು ಕಂಪ್ಯೂಟರಿನ ಮುಂದೆಯೇ ತೆರೆದು, ಫೋನ್ ಕಡೆ ನೋಡದ ಹಾಗೆ ನೋಡುತ್ತ ಉಣ್ಣುತ್ತಿದ್ದಳು. ಆಮೇಲೊಂದು ಬೆಳಿಗ್ಗೆ, ಅವಳಿನ್ನೂ ಕೈಚೀಲ ಕೆಳಗಿಟ್ಟಿರಲಿಲ್ಲ, ಫೋನ್ ಹೊಡೆದುಕೊಂಡಿತು.

"ಅವನು ಮಾಡಿದ್ನಮ್ಮ," ಎಂದರು. ನಮಸ್ಕಾರ, ಕುಶಲ ಯಾವುದೂ ಇಲ್ಲ. "ನೆನ್ನೆ ಸಾಯಂಕಾಲ. ನಮ್ಮ ಸೋದರತ್ತೆ ಇದಾರೆ, ಬಾಯಲ್ಲಿ ಒಂದು ಮಾತು ನಿಲ್ಲಲ್ಲ. ಅವರ ಕನ್ನಡಕ ರೆಡಿ ಅಂತ ಲಿಂಕ್ ಕಳಿಸಿದ್ದೆ. ಅದನ್ನ ಎತ್ತಿ ಅವನಿಗೆ ಕಳಿಸಿದಾರೆ."

"ಏನಂದ್ರು?"

"'ಅಣ್ಣಾ, ಅತ್ತೆ ಕಳಿಸಿದ್ದನ್ನ ನನ್ನ ಫೋನು ಓದ್ತು. ನೀನು ನಗ್ತಾ ಇದೀಯಂತೆ' ಅಂದ." "ನಾನೇನಂದೆ ಗೊತ್ತಾ? 'ಅದು ನಾನು ಹಾಕಿದ್ದಲ್ಲ, ಮಿಷಿನ್ ತಪ್ಪು, ತೆಗ್ಸೋಕೆ ಕಂಪ್ಲೇಂಟ್ ಕೊಟ್ಟಿದೀನಿ' ಅಂದೆ. ಸುಳ್ಳೇನಲ್ವಲ್ಲ. 'ಹೌದಾ, ಸರಿ' ಅಂದ. ಇಟ್ಟುಬಿಟ್ಟ."

ಅವಳು ಕುರ್ಚಿ ಎಳೆದುಕೊಂಡು ಕೂತಳು.

"ಇಟ್ಟ ಮೇಲೆ ಹೊಳೀತು. ಫೋನು ಓದ್ತು ಅಂದ್ನಲ್ಲ, ಅವನಿಗ್ಯಾಕೆ ಅದು ಓದ್ಬೇಕು? ನೀನು ಅವತ್ತು ಹೇಳಿದ್ಯಲ್ಲಮ್ಮ, ಕಣ್ಣು ಕಾಣದೋರಿಗೆ ಅಂತ. ಅತ್ತೆಗೆ ಫೋನ್ ಮಾಡಿ ಕೇಳಿದೆ. ಅವರಿಗೆ ಗೊತ್ತಿತ್ತು! ಎಡಗಣ್ಣು ಪೂರ್ತಿ ಹೋಗಿದೆಯಂತೆ, ಬಲಗಣ್ಣಲ್ಲಿ ಮಬ್ಬು ಮಬ್ಬು. ಅಂಗಡಿಯಲ್ಲಿದ್ದಾಗಲೇ ಶುರುವಾಗಿತ್ತಂತೆ. ನನಗೆ ಹೇಳ್ಬೇಡಿ ಅಂದಿದ್ನಂತೆ, ಇದೊಂದನ್ನ ಮಾತ್ರ ಅವರು ಬಾಯಿಬಿಟ್ಟಿರಲಿಲ್ಲ. ಊರೋರ ಕಣ್ಣೆಲ್ಲ ನೋಡ್ದೆ ನಾನು, ಪಕ್ಕದಲ್ಲಿ ಕೂತೋನ ಕಣ್ಣು ನೋಡಲಿಲ್ಲ."

ಸಮಾಧಾನದ ಮಾತು ಅವಳಿಗೆ ಅಭ್ಯಾಸ ತಪ್ಪಿಹೋಗಿತ್ತು.

"ಆ ಫೋಟೊ ತೆಗೀಬೇಡಮ್ಮ. ಇರ್ಲಿ ಅದು. ಕಂಪ್ಲೇಂಟ್ ವಾಪಸ್ ತಗೋತೀನಿ."

"ಒಂದು ನಿಮಿಷ ಇರಿ," ಎಂದು ಅವಳು ಪುಟವನ್ನು ಮತ್ತೆ ತರಿಸಿದಳು. ತಲೆಯ ಮೇಲಿನ ಸಾಲುಗಳಲ್ಲಿ ಈಗ ಒಂದೇ ಚಿತ್ರದ ಹೆಸರಿತ್ತು: ಬೋರ್ಡು. ಫೋಟೊದ ಸಾಲೂ ಇರಲಿಲ್ಲ, ಅದರ ಕೆಳಗಿನ ಅಣ್ಣನ ನಗುವಿನ ಸಾಲೂ ಇರಲಿಲ್ಲ.

ತನ್ನ ಕೈಯಲ್ಲಿ ಒಂದು ಉಪಾಯವಿದೆ ಎಂದು ಅವಳಿಗೆ ಆ ಕ್ಷಣವೇ ಗೊತ್ತಾಯಿತು. ಹಿಂದೆ ತಂದಿದ್ದ ಚಿತ್ರದ ಒಂದು ಪ್ರತಿ ಅವಳ ಕಂಪನಿಯ ಯಂತ್ರದಲ್ಲಿ ಇನ್ನೂ ಉಳಿದಿತ್ತು. ಅದು ಸ್ವಲ್ಪ ಸಮಯದಲ್ಲಿ ತಾನಾಗಿ ಅಳಿಸಿಹೋಗುತ್ತದೆ. ಹೋಗದ ಹಾಗೆ ಹಿಡಿದಿಡುವುದು ಅವಳಿಗೆ ಕಣ್ಣು ಮಿಟುಕಿಸುವಷ್ಟರ ಕೆಲಸ. ಮ್ಯಾನೇಜರಿಗೂ ತಿಳಿಯುವುದಿಲ್ಲ. ಇವರು ಲಿಂಕ್ ಹಾಕಿದಾಗಲೆಲ್ಲ ಅಣ್ಣ ತಮ್ಮ ಬಾಗಿಲಲ್ಲಿ ನಿಂತಿರುತ್ತಾರೆ. ಮಧ್ಯಾಹ್ನದ ಫೋನುಗಳೂ ಬರುತ್ತಿರುತ್ತವೆ. ಆ ಕೊನೆಯ ಯೋಚನೆ ಬಂದದ್ದೇ ಅವಳಿಗೆ ನಾಚಿಕೆಯಾಯಿತು.

"ಅದು ಆಗಲೇ ಹೋಗಿದೆ," ಎಂದಳು.

"ನೀನು ತೆಗೆದ್ಯಾ?"

"ಇಲ್ಲ. ನಿಮ್ಮ ತಮ್ಮ ತೆಗೆದಿದಾರೆ. ಪುಟದಿಂದಾನೇ. ನಮ್ಮ ಹತ್ರ ಒಂದು ಕಾಪಿ ಇದೆ. ಬೇಕು ಅಂದ್ರೆ ನಾನು ಅದನ್ನ ಹಿಡಿದಿಡಬಹುದು. ಆದ್ರೆ ಅವರು ಬೇಡ ಅಂತ ತೆಗೆದಿರೋದು..."

"ನಾನು ಹೇಳಿದ್ದಕ್ಕೇ ತೆಗೆದಿದಾನೆ," ಎಂದರು ಅವರು. "ಬೋರ್ಡ್ ಹಾಕು ಅಂದೆ, ಹಾಕ್ದ. ಬೇಡ ಅಂದೆ, ತೆಗೆದ. ಬೇಡಮ್ಮ, ಹಿಡಿದಿಡೋದೆಲ್ಲ ಬೇಡ. ನಾನೇ ಹೋಗ್ತೀನಿ."

"ಹೋಗಿ ಏನ್ ಹೇಳ್ತೀರಿ?"

"ಗೊತ್ತಿಲ್ಲ. ಬಸ್ಸಲ್ಲಿ ಯೋಚ್ನೆ ಮಾಡ್ತೀನಿ."

ಅವರು ಹೋದರೋ ಬಿಟ್ಟರೋ ಎಂದು ತಿಳಿಯುವ ದಾರಿ ಅವಳಿಗೆ ಇರಲಿಲ್ಲ. ತಾನಾಗಿ ಫೋನ್ ಮಾಡಲು ಕಾರಣವೂ ಉಳಿದಿರಲಿಲ್ಲ. ಕೆಲಸದ ನಡುವೆ ಸುಮ್ಮನೆ ಆ ಪುಟ ತರಿಸಿ ನೋಡುತ್ತಿದ್ದಳು. ಬೋರ್ಡು. ಮತ್ತೆ ಬೋರ್ಡು. ಒಂದು ಭಾನುವಾರ ಕೋಣೆಯಲ್ಲಿ ಕೂರಲಾರದೆ ಅಕ್ಕನಿಗೆ ಫೋನ್ ಮಾಡಿದಳು.

"ಏನೇ, ಏನಾಯ್ತು?" ಅಕ್ಕ ಗಾಬರಿಯಾದಳು. ಹಿಂದೆ ಯಾರೋ ಜೋರಾಗಿ ಟಿವಿ ಹಾಕಿದ್ದರು.

"ಏನಿಲ್ಲ, ಸುಮ್ನೆ."

"ಸುಮ್ನೆನಾ? ಹುಷಾರಾಗಿದೀಯಾ ತಾನೆ?"

"ಹೂಂ, ಹುಷಾರಾಗಿದೀನಿ. ಊಟ ಆಯ್ತಾ?"

"ಮನೆ ತುಂಬ ಜನ ಬಂದಿದಾರೆ ಕಣೆ, ಒಲೆ ಮೇಲೆ ಇಟ್ಟು ಬಂದಿದೀನಿ. ಆಮೇಲೆ ಮಾಡ್ಲಾ?"

"ಮಾಡು," ಎಂದಳು. ಅಕ್ಕ ಆಮೇಲೆ ಮಾಡಲಿಲ್ಲ. ಸಂಜೆ ಒಂದು ಲಿಂಕ್ ಕಳಿಸಿದಳು: ಒಬ್ಬರೇ ಇರುವವರು ಆರೋಗ್ಯ ಕಾಪಾಡಿಕೊಳ್ಳುವುದು ಹೇಗೆ. ಕೆಳಗಿನ ಚಿತ್ರದಲ್ಲಿ ಹೆಂಗಸೊಬ್ಬಳು ಕಿಟಕಿಯ ಬಳಿ ಲೋಟ ಹಿಡಿದು ಕೂತಿದ್ದಳು. ಇವಳು ಹೆಬ್ಬೆರಳು ಎತ್ತಿದಳು.

ಆ ವಾರದ ಕೊನೆಯಲ್ಲಿ, ಮಧ್ಯಾಹ್ನ, ಫೋನ್ ಬಂತು. ಗಟ್ಟಿ ದನಿ ಇನ್ನೂ ಗಟ್ಟಿಯಾಗಿತ್ತು.

"ಏನಮ್ಮಾ, ಊಟ ಆಯ್ತಾ? ನಾನು ಇಲ್ಲೇ ಇದೀನಿ, ಅವನ ಮನೇಲಿ. ಮೊದಲ ದಿನ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸ್ದ. ಅವನ ಹೆಂಡತಿ ಪಾಪ, ಒಳಗೆ ಕರೆದು ಚಹಾ ಕೊಟ್ಳು. ಚಹಾ ಕುಡ್ದೆ, ಲಾಡ್ಜಿಗೆ ಹೋದೆ. ಮಾರನೇ ದಿನ ಮತ್ತೆ ಬಂದೆ. ಇವತ್ತು ನನ್ನ ಕಣ್ಣು ಟೆಸ್ಟ್ ಮಾಡೋ ಗಾಜಿನ ಪೆಟ್ಟಿಗೆ ತಂದಿದೀನಿ, ಬಲಗಣ್ಣಿಗೆ ಯಾವುದಾದ್ರೂ ಗಾಜು ಕೂರುತ್ತಾ ನೋಡೋಣ ಅಂತ."

"ಯಾರಣ್ಣ ಫೋನಲ್ಲಿ?" ಎಂದು ಹಿಂದಿನಿಂದ ಮೆತ್ತನೆಯ ದನಿ ಕೇಳಿತು.

"ಆ ಕಂಪನಿಯೋರು. ಹೇಳಿದ್ನಲ್ಲ."

ಫೋನ್ ಕೈ ಬದಲಾಯಿತು. "ಮೇಡಂ, ನಮಸ್ಕಾರ. ಒಂದು ಕೇಳ್ಬೇಕಿತ್ತು. ಫೋಟೊ ಜೊತೆ ಬರೆದಿರೋ ಸಾಲು ಮೊದಲು ನಿಮ್ಮ ಆ್ಯಪಲ್ಲಿ ಬರ್ತಾ ಇರ್ಲಿಲ್ಲ. 'ಚಿತ್ರ' ಅಂತ ಒಂದು ಪದ ಓದಿ ಸುಮ್ನಾಗ್ತಿತ್ತು. ಯಾವ ಚಿತ್ರ ಅಂತ ನಮ್ಮಂಥೋರಿಗೆ ಹೇಗೆ ಗೊತ್ತಾಗ್ಬೇಕು? ಈಗ ಬರ್ತಿದೆ. ಯಾರು ಮಾಡಿದ್ದು?"

"ನಾನೇ," ಎಂದಳು. ದನಿ ಒಡೆಯಿತು. ಕೆಮ್ಮಿ ಇನ್ನೊಮ್ಮೆ ಹೇಳಿದಳು, "ನಾನೇ ಮಾಡಿದ್ದು."

"ಒಳ್ಳೆ ಕೆಲಸ ಮಾಡಿದ್ರಿ," ಎಂದ ಅವನು.

"ಫೋಟೊ ಮತ್ತೆ ಹಾಕ್ತೀರಾ?"

"ನೋಡೋಣ ಮೇಡಂ. ಇನ್ನೂ ಅಣ್ಣನ ಮೇಲಿನ ಕೋಪ ಪೂರ್ತಿ ಇಳಿದಿಲ್ಲ," ಎಂದು ಅವನು ಅಣ್ಣನಿಗೆ ಕೇಳುವಂತೆಯೇ ಹೇಳಿದ. ಫೋನನ್ನು ಮೇಜಿನ ಮೇಲೆ ಇಟ್ಟ ಸದ್ದಾಯಿತು. ಕರೆ ಮುಗಿಸಲು ಇಬ್ಬರೂ ಮರೆತರು.

"ಅಲ್ಲಾಡ್ಬೇಡ. ಗದ್ದ ಮೇಲೆ. ಈಗ ಹೇಳು, ಇದು ಚೆನ್ನಾಗಿದೆಯಾ, ಇದಾ?"

"ಎರಡೂ ಒಂದೇ."

"ಹೇಗೆ ಒಂದೇ ಆಗುತ್ತೋ? ಸರಿಯಾಗಿ ನೋಡಿ ಹೇಳು!"

"ಸರಿಯಾಗಿ ಕಾಣೋ ಹಾಗಿದ್ರೆ ನಿನ್ನ ಪೆಟ್ಟಿಗೆ ಯಾಕೆ ಬೇಕಿತ್ತಣ್ಣಾ?"

ಒಬ್ಬರು ನಕ್ಕರು, ಇನ್ನೊಬ್ಬರೂ ನಕ್ಕರು. ಗಾಜುಗಳು ಪೆಟ್ಟಿಗೆಯ ಅರೆಗಳಲ್ಲಿ ಕಿಣಿಕಿಣಿ ಎಂದವು. ಯಾರೋ ಹೆಂಗಸು ಒಳಗಿನಿಂದ ಏನೋ ಕೇಳಿದಳು, ಅಣ್ಣ ಏನೋ ಅಂದರು, ತಮ್ಮ ಅಲ್ಲಗಳೆದ.

ಅವಳು ತನ್ನ ಕಡೆಯ ಸದ್ದು ಅವರಿಗೆ ಕೇಳದ ಹಾಗೆ ಬಟನ್ ಒತ್ತಿದಳು. ಫೋನ್ ಇಡಲಿಲ್ಲ. ಕಿವಿಗೆ ಒತ್ತಿ ಹಿಡಿದು ಕೂತಳು. ಇದು? ಊಹೂಂ. ಇದು? ಸ್ವಲ್ಪ ಪರವಾಗಿಲ್ಲ. ಬಾಗಿಲು ಕಾಣುತ್ತಾ? ಬಾಗಿಲಿದೆ ಅಂತ ಗೊತ್ತಾಗುತ್ತೆ. ಸಾಲು ಸಾಲು ಖಾಲಿ ಮೇಜುಗಳ ಆಚೆ ಕಿಟಕಿಯಲ್ಲಿ ಬಿಸಿಲು ಮೆಲ್ಲಗೆ ಸರಿಯುತ್ತಿತ್ತು. ಆ ಮನೆಯಲ್ಲಿ ತನ್ನ ನೆನಪು ಯಾರಿಗೂ ಬರುವುದಿಲ್ಲ, ಬರಬೇಕಾದ್ದೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಫೋನ್ ಇಡಲು ಬೆರಳು ಏಳಲಿಲ್ಲ. ಅವರಾಗಿ ಗಮನಿಸಿ ಕರೆ ಮುಗಿಸಲಿ ಎಂದು ಕಾದಳು. ಕೊನೆಗೆ ಆ ಕಡೆ ಎಲ್ಲರೂ ಊಟಕ್ಕೆ ಎದ್ದರು. ಕುರ್ಚಿಗಳು ಸರಿದವು, ಮಾತುಗಳು ಬೇರೆ ಕೋಣೆಗೆ ಹೋದವು.

ಆಗ ಅವಳೇ ಮೆಲ್ಲಗೆ ಫೋನ್ ಇಟ್ಟಳು. ದೂರನ್ನು ಮುಚ್ಚಿದಳು. ಯಾಕೆ ಮುಚ್ಚಿದಿರಿ ಎಂದು ಯಂತ್ರ ಕೇಳಿತು. 'ಇತ್ಯರ್ಥವಾಗಿದೆ' ಎಂಬುದನ್ನು ಆರಿಸಿದಳು. ಡಬ್ಬಿ ತೆರೆದು, ಆರಿಹೋದ ಅನ್ನಕ್ಕೆ ಚಮಚ ಹಾಕಿದಳು.